ಎಲೆತಟ್ಟೆಯ ಸರದಿ

ನಲವತ್ತೆಂಟರ ಬೇಸಿಗೆ. ದೊಡ್ಡಬಳ್ಳಾಪುರದಲ್ಲಿ ಸೀಮೆಎಣ್ಣೆಗೆ ನಿಂತ ಸಾಲು. ನನ್ನ ಮುಂದೆ ನಮ್ಮ ಬೀದಿಯ ಮುನಾವರ್ ಪಾಷಾ, ಅವನ ಮುಂದೆ ಪಿಳ್ಳಪ್ಪ. ಪಿಳ್ಳಪ್ಪ ಹಿಂದಕ್ಕೆ ತಿರುಗಿ ಪಾಷಾನನ್ನು ಮಾತಾಡಿಸಿದ.

"ಮೂರು ಶನಿವಾರ ಆಯ್ತು, ಚಾವಡಿ ಮಾತುಕತೆಗೆ ನೀನು ಬರ್ಲೇ ಇಲ್ವಲ್ಲ ಪಾಷಾ."

"ಬಂದು ಏನ್ ಮಾಡ್ಲಿ ಅಣ್ಣ? ಎಲೆ-ಅಡಿಕೆ ತಟ್ಟೆ ಸುತ್ತು ಬರೋವಾಗ ಅದು ಕೈಗೆ ಬಂದೋರು ತಾನೆ ಮಾತಾಡೋದು? ಕೊನೇ ಸಲ ಬಂದಾಗ ನನ್ನ ದಾಟಿಸಿ ಪಕ್ಕದಲ್ಲಿ ಕೂತಿದ್ದ ವೆಂಕಟರಾಯಪ್ಪನ ಕೈಗೆ ಕೊಟ್ರಿ."

"ದೇಶ ಒಡೆದ ಮಾತು ನಡೀತಿತ್ತು. ನಿನ್ನ ನೋಯಿಸೋದು ಬೇಡ ಅಂತ ನಾನೇ ದಾಟಿಸ್ದೆ ಕಣೋ."

"ನನ್ ತಮ್ಮ ಕರಾಚಿಗೆ ಹೋದ. ನಾನು ಇಲ್ಲೇ ಉಳ್ದೆ. ಅವತ್ತು ಹೇಳೋದು ಇದ್ದಿದ್ದೇ ನನಗೆ."

ಪಿಳ್ಳಪ್ಪ ಖಾಲಿ ಡಬ್ಬವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ.

"ತಟ್ಟೆ ಇತ್ಲಾಗೆ ಕೊಡಿ ಅಂತ ಕೇಳೋದಲ್ವಾ?"

"ಹತ್ತು ವರ್ಷದಲ್ಲಿ ಒಂದ್ಸಲಾನೂ ಕೇಳಿ ಇಸ್ಕೊಂಡಿಲ್ಲ. ಬಾವಿ ಜಗಳ ಆಗ್ಲಿ, ಮಸೀದಿ ಮುಂದೆ ವಾಲಗದ ವಿಷಯ ಆಗ್ಲಿ, ತಟ್ಟೆ ತಾನಾಗೇ ನನ್ ಕೈಗೆ ಬರ್ತಿತ್ತು."

ಸಾಲು ಎರಡು ಹೆಜ್ಜೆ ಮುಂದೆ ಹೋಯಿತು. ಪಿಳ್ಳಪ್ಪ ಮತ್ತೆ ಹಿಂದಕ್ಕೆ ತಿರುಗಿದ.

"ಈ ಶನಿವಾರ ಬಾ. ತಟ್ಟೆ ನಿನ್ನಿಂದ್ಲೇ ಶುರು ಮಾಡ್ತೀವಿ."

"ಅದೂ ಬೇಡ ಅಣ್ಣ. ನನ್ ಸರದಿ ಬಂದಾಗ ಕೊಡಿ, ಸಾಕು."

ಅಂಗಡಿಯವನು ಮುಂದಿನವರನ್ನು ಕರೆದ. ಪಿಳ್ಳಪ್ಪ ಪಕ್ಕಕ್ಕೆ ಸರಿದು, "ನೀನೇ ಹೋಗು," ಎಂದ.

ಪಾಷಾ ಕದಲಲಿಲ್ಲ. "ಈಗ ನಿಮ್ದು."

ಪಿಳ್ಳಪ್ಪ ಎಣ್ಣೆ ಹಾಕಿಸಿಕೊಂಡ. ಪಾಷಾನ ಡಬ್ಬ ತುಂಬುವವರೆಗೂ ಅಲ್ಲೇ ಬಿಸಿಲಲ್ಲಿ ನಿಂತಿದ್ದ. ಆಮೇಲೆ ಇಬ್ಬರೂ ಚಾವಡಿ ಮುಂದಿನ ದಾರಿ ಹಿಡಿದು ಮನೆ ಕಡೆ ನಡೆದರು.