ಜೋಗುಳದೊಳಗಿನ ಬಳೆ ಸಪ್ಪಳ

ಸೇಡಂ ಬಸ್ ನಿಲ್ದಾಣದಲ್ಲಿ ಭಾಗ್ಯಜ್ಯೋತಿ ಕೂತಿದ್ದ ಬೆಂಚಿನ ಆ ತುದಿಗೆ ಒಬ್ಬ ಅಜ್ಜ, ಅಜ್ಜಿ ಒಂದೇ ಮೊಬೈಲಿನ ಮೇಲೆ ಬಾಗಿಕೊಂಡಿದ್ದರು. ಅದರಲ್ಲಿ ಅಜ್ಜಿಯ ದನಿಯ ಜೋಗುಳ ಕೇಳುತ್ತಿತ್ತು.

"ಸುಲೇಪೇಟದಿಂದ ಮಗಳು ಫೋನ್ ಮಾಡಿದ್ಳು. ನೀವು ಕಳಿಸಿದ ಈ ಹಾಡು ಹಚ್ಚಿದ್ರ ಕೂಸು ಮಲಗವಲ್ದಂತ," ಎಂದರು ಅಜ್ಜಿ.

"ಯಾಕ? ನಿಂದೇ ದನಿ ಅದ ಅಲ್ಲ?"

"ನನ್ನ ಕೈಬಳಿ ಸಪ್ಪಳ ಎಲ್ಲಿ ಹೋತ್ರಿ? ನಮ್ಮನ್ಯಾಗ ತೊಟ್ಟಿಲ ತೂಗೋ ಮುಂದ ಘಲ್ ಘಲ್ ಅಂತಿತ್ತು."

"ಅದಾ? ಎಂಪಿತ್ರೀ ಮಾಡೋ ಮುಂದ ಫಿಲ್ಟರ್ ಹಾಕೀನಿ. ಚೂಪು ಸಪ್ಪಳೆಲ್ಲ ಕತ್ತರಿಸ್ತದ, ಫೈಲ್ ಹಗುರ ಆಗ್ತದ. ನಿನ್ನ ಹಾಡೊಂದೇ ಚೊಲೊ ಕೇಳ್ಲಿ ಅಂದೆ."

"ನಿಮ್ಮ ಕೆಮ್ಮು ಮಾತ್ರ ಹಂಗೇ ಅದ!"

"ಅದು ದಪ್ಪ ದನಿ. ಆ ಫಿಲ್ಟರಿಗಿ ಸಿಗಂಗಿಲ್ಲ."

ಭಾಗ್ಯಜ್ಯೋತಿ ನಗು ತಡೆಯಲಾರದೆ ಮುಖ ಆಚೆ ತಿರುಗಿಸಿದಳು.

"ಹಾಡು ಯಾರು ಹಾಡಿದ್ರೂ ನಡೀತದ್ರಿ. ಕೂಸಿಗಿ ಗುರ್ತು ಇರೋದು ಬಳಿ ಸಪ್ಪಳದ್ದು."

"ತಡಿ ಸೂಗಮ್ಮ, ಮೂಲ ರೆಕಾರ್ಡಿಂಗ್ ಇನ್ನಾ ಅದ. ಫಿಲ್ಟರ್ ಬಂದ್ ಮಾಡಿ ಮತ್ತ ತೆಗೀತೀನಿ."

ತುಸು ಹೊತ್ತಿಗೆ ಜೋಗುಳ ಬಳೆಗಳ ಸಮೇತ ಕೇಳಿತು. ಅಜ್ಜ ಅದನ್ನು ಮಗಳಿಗೆ ಕಳಿಸಿದರು. ಆಮೇಲೆ ಇಬ್ಬರೂ ಪರದೆಯನ್ನೇ ನೋಡುತ್ತ ಕೂತರು. ಕೊನೆಗೆ ಮೊಬೈಲ್ ಟಿಂಗ್ ಎಂದಿತು.

"ಏನ್ ಬರದಾಳ್ರಿ?"

"ಏನೂ ಬರದಿಲ್ಲ, ಫೋಟೊ ಕಳಸ್ಯಾಳ. ನೋಡಿಲ್ಲಿ, ಹೆಂಗ ಬಾಯಿ ತಕ್ಕೊಂಡು ಮಲಗ್ಯದ!"

"ಮೆಲ್ಲಕ ಮಾತಾಡ್ರಿ, ಎದ್ದೀತು."

ಭಾಗ್ಯಜ್ಯೋತಿಗೂ ಆ ಫೋಟೊ ನೋಡುವ ಆಸೆಯಾಯಿತು. ಕೇಳಬೇಕೆನ್ನುವಷ್ಟರಲ್ಲಿ ಚಿತ್ತಾಪುರದ ಬಸ್ ಬಂತು. ಇಬ್ಬರೂ ಪಿಸುಗುಟ್ಟುತ್ತಲೇ ಹತ್ತಿ ಹೋದರು.