ಕಂತು ತಪ್ಪಿಸದ ಸಾಹುಕಾರ

ಮೊನ್ನೆಯಿಂದ ಈ ಪ್ರವಚನದಲ್ಲಿ ವ್ರತದ ವಿಷಯ ಹೇಳ್ತಾ ಬಂದಿದ್ದೇವೆ. ನೀವೂ ತಲೆ ಆಡಿಸ್ತಾ ಬಂದಿದ್ದೀರಿ. ಕೆಲವರು ನಿದ್ದೆಯಲ್ಲಿ ಆಡಿಸಿದ್ದೀರಿ, ಅದೂ ನಮಗೆ ಗೊತ್ತು. ಇವತ್ತು ಒಂದು ದೃಷ್ಟಾಂತ ಹೇಳ್ತೇವೆ. ಊರು ಯಾವುದು ಅಂತ ಮಾತ್ರ ಕೇಳಬೇಡಿ. ಹೆಸರು ಹೇಳಿದರೆ ನೀವು ಕಥೆ ಬಿಟ್ಟು, ಆ ಊರಲ್ಲಿ ನಿಮ್ಮ ನೆಂಟರು ಯಾರಿದ್ದಾರೆ ಅಂತ ಲೆಕ್ಕ ಹಾಕೋಕೆ ಕೂತುಬಿಡ್ತೀರಿ.

ಅಲ್ಲೊಬ್ಬ ಸಾಹುಕಾರ. ಶೇಂಗಾ ಎಣ್ಣೆ ಮಿಲ್ಲಿನ ಸಾಹುಕಾರ. ಮಿಲ್ಲಿಗೆ ಕಂಪನಿ ಅಂತ ಹೆಸರು, ಗೇಟಿಗೆ ದೊಡ್ಡ ಬೋರ್ಡು, ನಲವತ್ತು ಜನ ಕೆಲಸಗಾರರು. ಆ ನಲವತ್ತು ಮನೆಯ ಒಲೆ ಉರೀತಿದ್ದದ್ದು ಈ ಮಿಲ್ಲಿನಿಂದಲೇ. ಮನುಷ್ಯ ಕೆಟ್ಟವನಲ್ಲ. ನೋಡಿ, ದೃಷ್ಟಾಂತದಲ್ಲಿ ಸಾಹುಕಾರ ಅಂದಕೂಡಲೇ ನೀವು ಅವನನ್ನ ಬಯ್ಯೋಕೆ ತಯಾರಾಗ್ತೀರಿ. ಬಯ್ಯಬೇಡಿ. ನಿಮ್ಮಂಥವನೇ. ಸ್ವಲ್ಪ ಹೊಟ್ಟೆ ಜಾಸ್ತಿ, ಅಷ್ಟೇ.

ಅವನಿಗೆ ಹೊಸ ಯಂತ್ರ ಬೇಕಾಯಿತು. ಬ್ಯಾಂಕಿನಲ್ಲಿ ಹತ್ತು ವರ್ಷದ ಸಾಲ ಕೇಳಿದ. ಕೊಡ್ತೀವಿ ಅಂದರು. ಕರಾರು ಪತ್ರ ತಯಾರಾಯಿತು, ನಲವತ್ತೆರಡು ಪುಟ. ಸಾಹುಕಾರ ಜೋಯಿಸರನ್ನ ಕೇಳಿದ. ಅವರು ಪಂಚಾಂಗ ತೆಗೆದು, ರುಜು ಹಾಕೋಕೆ ಹತ್ತೂವರೆಯೊಳಗೆ ಒಳ್ಳೇ ಗಳಿಗೆ ಅಂತ ಇಟ್ಟುಕೊಟ್ಟರು. ಹತ್ತೂವರೆಯ ಮೇಲೆ ರಾಹುಕಾಲ, ಜೋಕೆ ಅಂದರು. ಬ್ಯಾಂಕಿಗೆ ಹೋಗೋ ಹೊತ್ತಿಗೆ ಹತ್ತೂ ಇಪ್ಪತ್ತೊಂದು. ಇನ್ನು ಓದೋದು ಎಲ್ಲಿ? ಒಂಬತ್ತು ನಿಮಿಷದಲ್ಲಿ ನಲವತ್ತೆರಡು ರುಜು ಹಾಕಿದ ಪುಣ್ಯಾತ್ಮ! ಬ್ಯಾಂಕಿನವರು "ಒಂದ್ಸಲ ಓದಿಕೊಳ್ಳಿ" ಅಂದರೆ, "ಓದೋಕೆ ಹತ್ತು ವರ್ಷ ಐತಲ್ಲ ಸ್ವಾಮಿ" ಅಂತ ನಕ್ಕು ಪೇಡೆ ಹಂಚಿದ. ಗಳಿಗೆ ನೋಡಿದ. ಕರಾರು ನೋಡಲಿಲ್ಲ.

ಓದಿದವನು ಒಬ್ಬನೇ, ಅವನ ಗುಮಾಸ್ತ. ಸಣಕಲು ಮನುಷ್ಯ, ದಪ್ಪ ಕನ್ನಡಕ. ಅವನು ಪ್ರತಿಯನ್ನ ಮನೆಗೆ ಒಯ್ದು, ಮೂರು ದಿನ ಓದಿ, ನಾಲ್ಕನೇ ದಿನ ಬಂದು ಹೇಳಿದ, "ಸಾವ್ಕಾರ್ರೇ, ಕಂತು ಒಂದೇ ಅಲ್ಲ. ಷರತ್ತು ಬಾಳ ಅದಾವೆ. ಗೋದಾಮಿನಾಗೆ ಯಾವ ಹೊತ್ನಾಗೂ ಎರಡು ಸಾವಿರ ಚೀಲ ಶೇಂಗಾ ಇರಬೇಕಂತೆ, ಅದು ಸಾಲಕ್ಕೆ ಅಡವಂತೆ. ಕಂಪನಿ ದುಡ್ಡು ಕಂಪನಿಗೇ ಹಾಕಬೇಕಂತೆ, ಬೇರೆ ಕಡೆಗೆ ತಗೀಬೇಕಂದ್ರೆ ಅವರ ಒಪ್ಪಿಗೆ ಬೇಕಂತೆ. ಒಂದು ಷರತ್ತು ಮುರಿದ್ರೂ ಪೂರಾ ಸಾಲ ಒಂದೇ ಸಲಕ್ಕೆ ಕೇಳಬಹುದಂತೆ."

ಸಾಹುಕಾರ ಎಲೆಗೆ ಸುಣ್ಣ ಸವರಿಕೊಳ್ತಾ ಅಂದ, "ನೋಡಪ್ಪಾ, ಸಾಲ ಅಂದ್ರೆ ಕಂತು. ಕಂತು ಕಟ್ಟಿದ್ರೆ ಬ್ಯಾಂಕು ನಮ್ಮಪ್ಪ. ಕಟ್ಟದಿದ್ರೆ ನಮ್ಮ ಮಾವ. ಉಳಿದದ್ದೆಲ್ಲ ಕಾಗದ ತುಂಬಿಸಾಕೆ ಬರೀತಾರೆ."

ಅವನು ಕಂತು ಕಟ್ಟಿದನೇ? ಕಟ್ಟಿದ! ತಿಂಗಳ ಐದನೇ ತಾರೀಕು ಅಂದರೆ ಐದನೇ ತಾರೀಕು. ಮಗಳ ಮದುವೆಯ ದಿನವೂ ಚಪ್ಪರದಿಂದ ಆಳು ಕಳಿಸಿ ಕಟ್ಟಿದ. ಆರು ವರ್ಷ, ಒಂದೂ ತಪ್ಪಲಿಲ್ಲ. ಊರಲ್ಲಿ ಎದೆ ಉಬ್ಬಿಸಿಕೊಂಡು ಹೇಳಿಕೊಳ್ತಿದ್ದ, ಕಂತು ತಪ್ಪಿಸದ ಗಂಡು ನಾನು ಅಂತ. ಎಲ್ಲಾ ಸರಿಯಾಗೇ ಇತ್ತು, ಅವನಿಗೊಬ್ಬ ಬೀಗ ಇರದಿದ್ದರೆ.

ಬೀಗರು ಯಾರ ಮನೆ ಉಳಿಸಿದ್ದಾರೆ ಹೇಳಿ! ಆ ಬೀಗ ಅದೇ ಊರಿನ ಮಠಕ್ಕೆ ಎರಡು ಬೆಳ್ಳಿ ದೀಪದ ಕಂಬ ಮಾಡಿಸಿಕೊಟ್ಟ. ಕಂಬದ ಬುಡದಲ್ಲಿ ಅವನ ಹೆಸರು. ಸಾಹುಕಾರ ಮಠಕ್ಕೆ ಬಂದು ಅಡ್ಡ ಬೀಳಬೇಕಾದರೆ ಮೂಗಿನ ನೇರಕ್ಕೇ ಬೀಗನ ಹೆಸರು! ಅಡ್ಡ ಬಿದ್ದದ್ದು ಯಾರಿಗೆ, ಗುರುವಿಗೋ ಬೀಗನಿಗೋ? ಅವನಿಗೆ ಊಟ ಸೇರಲಿಲ್ಲ. ಹದಿನೈದು ದಿನ ಒದ್ದಾಡಿ, ಗದ್ದುಗೆಯ ಬಾಗಿಲಿಗೆ ಬೆಳ್ಳಿ ಹೊದಿಸ್ತೀನಿ ಅಂತ ಮಾತು ಕೊಟ್ಟುಬಿಟ್ಟ. ಹೆಸರು ಬಾಗಿಲ ನೆತ್ತಿಯ ಮೇಲೆ. ಬೀಗನದು ಬುಡದಲ್ಲಿ, ತನ್ನದು ನೆತ್ತಿಯಲ್ಲಿ. ಭಕ್ತಿ ಅಂದರೆ ಇದಪ್ಪಾ!

ಅಷ್ಟು ಬೆಳ್ಳಿಗೆ ದುಡ್ಡು? ಗೋದಾಮಿನಲ್ಲಿತ್ತು. ಎರಡು ಸಾವಿರ ಚೀಲದಲ್ಲಿ ಸಾವಿರದೈನೂರು ಚೀಲ ಮಾರಿ ಬಾಗಿಲಿಗೆ ಬೆಳ್ಳಿ ಹೊದಿಸಿಬಿಟ್ಟ. ಗುಮಾಸ್ತ ಕೈ ಹಿಸುಕಿಕೊಂಡ, "ಸಾವ್ಕಾರ್ರೇ, ಬ್ಯಾಂಕಿನವರು ನೋಡಾಕೆ ಬರ್ತಾರೆ."

"ದೇವರಿಗೆ ಕೊಟ್ಟದ್ದಕ್ಕೆ ಯಾವ ಬ್ಯಾಂಕು ಏನಂತೈತೋ?" ಅಂದ ಸಾಹುಕಾರ. ಬಾಯಲ್ಲಿ ಹಾಗಂದ, ಆದರೆ ಒಳಗೆ ಅಳುಕು ಇದ್ದೇ ಇತ್ತು. ಇಲ್ಲದಿದ್ದರೆ ಮುಂದಿನ ಕೆಲಸ ಯಾಕೆ ಮಾಡ್ತಿದ್ದ? ಮಾರಿದ ಸಾವಿರದೈನೂರು ಚೀಲದ ಬದಲು ಅಷ್ಟೇ ಚೀಲಕ್ಕೆ ಶೇಂಗಾ ಸಿಪ್ಪೆ ತುಂಬಿಸಿದ. ಮುಂದಿನ ಸಾಲಿನಲ್ಲಿ, ಜನ ಓಡಾಡೋ ಬಾಗಿಲ ಬೆಳಕಿಗೆ, ಕಾಳಿನ ಚೀಲ, ಹಿಂದಿನ ಸಾಲುಗಳಲ್ಲೆಲ್ಲ ಸಿಪ್ಪೆ. ಎಣಿಸಿದರೆ ಸರಿಯಾಗಿ ಎರಡು ಸಾವಿರ. ಹಮಾಲಿಗಳ ಮುದುಕನನ್ನ ಕರೆದು ಪಾಠವನ್ನೂ ಹೇಳಿಕೊಟ್ಟ, "ಬ್ಯಾಂಕಿನ ಮೇಡಂ ಮುಂದೆ ಚೀಲ ಎತ್ತೋ ಪ್ರಸಂಗ ಬಂದ್ರೆ ನರಳಬೇಕು, ತಿಳೀತಾ? ಭಾರ ಇದ್ದಂಗೆ ನರಳಬೇಕು."

ಇನ್ನು ಆ ಗೋದಾಮಿನಲ್ಲಿ ಒಂದು ಬೆಕ್ಕಿತ್ತು. ಸಾಕವ್ವ ಅಂತ. ಈ ಕಥೆಯಲ್ಲಿ ಹೆಸರಿರೋದು ಅವಳೊಬ್ಬಳಿಗೇ, ಯಾಕೆ ಅಂದರೆ ಕೊಟ್ಟ ಕೆಲಸ ಕೊಟ್ಟ ಹಾಗೆ ಮಾಡಿದವಳು ಅವಳೊಬ್ಬಳೇ. ಶೇಂಗಾ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಸಾಕವ್ವ. ಸಿಪ್ಪೆ ತುಂಬಿ ಒಂದು ತಿಂಗಳಾಗೋದರೊಳಗೆ ಹಿಂದಿನ ಕತ್ತಲಲ್ಲಿ ಬರೀ ಸಿಪ್ಪೆ ಕಡಿದು ಬೇಸತ್ತ ಇಲಿಗಳು ಸಂಸಾರ ಸಮೇತ ಎದುರುಗಡೆ ಮಿಲ್ಲಿಗೆ ವರ್ಗ ಮಾಡಿಸಿಕೊಂಡವು. ಸಾಕವ್ವ ಎರಡು ದಿನ ಖಾಲಿ ಹೊಟ್ಟೆಯಲ್ಲಿ ಸುತ್ತಾಡಿ, ಮೂರನೇ ದಿನ ರಸ್ತೆ ದಾಟಿದಳು. ಸಾಹುಕಾರ ಕಂಡ, ಬೆಕ್ಕು ಅಡ್ಡ ಹೋಯಿತು ಅಂತ ಒಂದು ಗಳಿಗೆ ಕೂತು ಎದ್ದ, ಅಷ್ಟೇ. ಯಾಕೆ ಹೋಯಿತು ಅಂತ ಯೋಚನೆ ಮಾಡಲಿಲ್ಲ.

ಗೋದಾಮು ತಪಾಸಣೆಗೆ ಬ್ಯಾಂಕಿನ ಅಮ್ಮ ಬಂದರು. ನಿವೃತ್ತಿಗೆ ಎರಡು ವರ್ಷ ಇದ್ದವರು, ಖಡಕ್ಕು. ಯಾರ ಮನೆಯ ಕಾಫಿಯನ್ನೂ ಕುಡಿಯದವರು. ಅವರಿಗೆ ಜೀವನದಲ್ಲಿ ಇದ್ದ ಹೆದರಿಕೆ ಒಂದೇ, ಬೆಕ್ಕು. ಪ್ರತಿ ಸಲ ಗೋದಾಮಿನ ಬಾಗಿಲಲ್ಲಿ ನಿಂತು ಸಾಕವ್ವನನ್ನ ಕಟ್ಟಿಸಿ ಆಮೇಲೆ ಒಳಗೆ ಕಾಲಿಡ್ತಿದ್ದರು. ಈ ಸಲವೂ ಬಾಗಿಲಲ್ಲೇ ನಿಂತು ಕೇಳಿದರು, "ಬೆಕ್ಕನ್ನ ಕಟ್ಟಿಸಿದ್ದೀರಾ ತಾನೇ?"

ಸಾಹುಕಾರನಿಗೆ ಅಮ್ಮನನ್ನ ಖುಷಿಪಡಿಸೋ ಆಸೆ. "ಬೆಕ್ಕೇ ಇಲ್ಲ ಮೇಡಂ! ಆರಾಮಾಗಿ ಬರ್ರಿ."

"ಇಲ್ಲವಾ? ಸತ್ತುಹೋಯಿತಾ?"

"ಅಯ್ಯೋ, ಗುಂಡುಕಲ್ಲು ಇದ್ದಂಗೆ ಐತೆ. ಎದುರಿನ ಮಿಲ್ಲಿಗೆ ಹೋಗೈತೆ. ಇಲ್ಲಿ ಅದಕ್ಕೇನು ಕೆಲಸ ಹೇಳ್ರಿ? ನಮ್ಮ ಗೋದಾಮಿನಾಗೆ ಈಗ ಹುಡುಕಿದ್ರೂ ಒಂದು ಇಲಿ ಸಿಗಾಕಿಲ್ಲ!"

ಹಿಂದೆ ನಿಂತಿದ್ದ ಗುಮಾಸ್ತನಿಗೆ ಕೆಮ್ಮು ಶುರುವಾಯಿತು. ಸಾಹುಕಾರ ನಿಲ್ಲಿಸಬೇಕಲ್ಲ? ಎಲ್ಲಿ ನಿಲ್ಲಿಸ್ತಾನೆ! "ಎರಡು ತಿಂಗಳಾತು ಮೇಡಂ, ಒಂದು ಹಿಕ್ಕೆ ಸೈತ ಕಂಡಿಲ್ಲ" ಅಂದ.

ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಎರಡು ಸಾವಿರ ಚೀಲ ಶೇಂಗಾ ಇರೋ ಜಾಗದಲ್ಲಿ ಒಂದೂ ಇಲಿ ಇಲ್ಲ. ಏನು ಔಷಧಿ ಹಾಕಿದಿರಿ ಸಾಹುಕಾರ್ರೇ, ನಮ್ಮ ಮನೆಗೂ ಬೇಕಿತ್ತು."

ಆಗ ತಿಳೀತು ಅವನಿಗೆ. ಅಮ್ಮ ಸೀದಾ ಒಳಗೆ ಹೋಗಿ ನಾಲ್ಕನೇ ಸಾಲಿನ ಚೀಲ ತೋರಿಸಿ, ಇಳಿಸು ಅಂದರು. ಹಮಾಲಿ ಮುದುಕ ಪ್ರಾಮಾಣಿಕ, ಹೇಳಿಕೊಟ್ಟ ಪಾಠ ಮರೀಲಿಲ್ಲ, ನರಳಿದ. ಆದರೆ ಏನಾಯಿತು ಗೊತ್ತೇ? ಒಂದೇ ಕೈಯಲ್ಲಿ ಚೀಲವನ್ನ ತಲೆಯ ಮಟ್ಟಕ್ಕೆ ಎತ್ತಿ, ಆಮೇಲೆ ನೆನಪಾಗಿ ನರಳಿದ! "ಅಯ್ಯಪ್ಪಾ, ಸೊಂಟ ಹೋತು" ಅಂದ, ಚೀಲ ತಲೆದಿಂಬಿನ ಹಾಗೆ ಹಿಡಿದುಕೊಂಡು.

ನಗ್ತೀರಿ. ನಗಿ. ಸಾಹುಕಾರ ನಗಲಿಲ್ಲ. ಅವನ ಬಾಯಿಂದ ಬಂದದ್ದು ಒಂದೇ ಮಾತು, "ಮೇಡಂ, ನಾನು ಆರು ವರ್ಷದಾಗೆ ಒಂದು ಕಂತು ತಪ್ಪಿಸಿಲ್ಲ."

ಅಮ್ಮ ಅಂದರು, "ನಿಜ. ನಿಮ್ಮ ದುಡ್ಡು ಬಂದಿದೆ ಸಾಹುಕಾರ್ರೇ. ನೀವು ಕೊಟ್ಟ ಮಾತು ಬಂದಿಲ್ಲ. ದುಡ್ಡೊಂದೇ ಸಾಕಿದ್ದರೆ ನಾವು ಒಂದು ಪುಟ ಬರೀತಿದ್ದೆವು, ನಲವತ್ತೆರಡು ಯಾಕೆ ಬರೀತಿದ್ದೆವು? ಮೂವತ್ತು ದಿನ ಟೈಮು ಇದೆ. ಅಷ್ಟರಲ್ಲಿ ಗೋದಾಮು ತುಂಬದಿದ್ದರೆ ಉಳಿದ ಸಾಲ ಪೂರ್ತಿ ಒಂದೇ ಸಲ ಕಟ್ಟಬೇಕು. ಇಲ್ಲದಿದ್ದರೆ ಮಿಲ್ಲಿಗೆ ಬೀಗ."

ಅವತ್ತು ಮಧ್ಯಾಹ್ನ ಸಾಹುಕಾರ ಮೊದಲ ಸಲ ಆ ಕರಾರು ಪತ್ರ ತರಿಸಿದ. "ಬೀಗರ ಹತ್ರ ಕೈಗಡ ಕೇಳ್ಲಾ?" ಅಂದ. ಗುಮಾಸ್ತ ಪುಟ ತಿರುವಿದ, "ಒಪ್ಪಿಗೆ ಇಲ್ಲದೆ ಬೇರೆ ಸಾಲ ಮಾಡಂಗಿಲ್ಲ. ಹದಿನೇಳನೇ ಕಲಮು."

"ಹಳೇ ಗಾಣದ ಯಂತ್ರ ಮಾರಾನಾ?"

"ಯಂತ್ರ ಮಾರಂಗಿಲ್ಲ. ಹನ್ನೊಂದು."

"ಉಸಿರಾದ್ರೂ ಆಡಬೌದೇನಯ್ಯಾ?"

"ಅದಕ್ಕೆ ಕಲಮು ಕಾಣ್ಲಿಲ್ಲ ಸಾವ್ಕಾರ್ರೇ" ಅಂದ ಗುಮಾಸ್ತ. ಅಂದು, ಆ ಸಣಕಲು ಮನುಷ್ಯ ಅತ್ತುಬಿಟ್ಟ. ಹೊರಗೆ ನಲವತ್ತು ಜನ ಬುತ್ತಿ ಬಿಚ್ಚಿ ಕೂತಿದ್ದರು. ಅವರಿಗಿನ್ನೂ ಏನೂ ಗೊತ್ತಿರಲಿಲ್ಲ. ಸಾಹುಕಾರ ಕಿಟಕಿಯಿಂದ ಅವರನ್ನ ನೋಡಿದ. ತನ್ನ ಹೆಸರು ನೆತ್ತಿಯ ಮೇಲೆ ಇರಲಿ ಅಂತ ಇವರ ಅನ್ನಕ್ಕೆ ಕೈ ಹಾಕಿದೆನಲ್ಲ ಅಂತ ಅವನಿಗೆ ಆಗ ನಾಚಿಕೆಯಾಯಿತು. ನಿಜವಾಗಿ ನಾಚಿಕೆಯಾಯಿತು.

ಎದ್ದು ಮಠಕ್ಕೆ ಬಂದ. ಸ್ವಾಮಿಗಳ ಮುಂದೆ ಕೂತು ಎಲ್ಲಾ ಹೇಳಿದ. "ಬುದ್ಧೀ, ಕೊಟ್ಟ ದಾನ ವಾಪಸ್ ಕೇಳಿದ್ರೆ ಯಾವ ನರಕ?"

ಆ ಸ್ವಾಮಿ ಏನು ಮಾಡಬೇಕಿತ್ತು? ಬೆಳ್ಳಿ ಬಾಗಿಲು ಬಂದ ಮೇಲೆ ಮಠಕ್ಕೆ ಬರೋರು ಜಾಸ್ತಿಯಾಗಿದ್ದರು, ಫೋಟೋ ತೆಗೆಸಿಕೊಳ್ಳೋರು ಜಾಸ್ತಿಯಾಗಿದ್ದರು. ಸ್ವಾಮಿಗೂ ಆ ಬಾಗಿಲ ಮುಂದೆ ಕೂರೋದು ರೂಢಿಯಾಗಿತ್ತು. ಒಂದು ಗಳಿಗೆ ಅವರ ಮನಸ್ಸೂ ಹಿಂದೆ ಮುಂದೆ ಆಯಿತು. ಆಮೇಲೆ ಹೇಳಿದರು, "ನರಕದ ಮಾತು ಆಮೇಲೆ. ನಿನ್ನದಲ್ಲದ್ದನ್ನ ನೀನು ಕೊಟ್ಟೆ, ಕೇಳದೆ ನಾವು ಇಸಕೊಂಡೆವು. ಅಡವಿಟ್ಟ ವಸ್ತು ದೇವರಿಗೆ ಬೇಡ. ಬಡಗಿಯನ್ನ ಕರಿ."

ಸೋಮವಾರ ಬೆಳಗ್ಗೆ, ಹತ್ತೂವರೆಗೆ, ಸಾಹುಕಾರ ಪಂಚಾಂಗ ನೋಡದೆ, ಊರಿನ ಕಣ್ಣೆದುರೇ ಬೆಳ್ಳಿ ಬಿಚ್ಚಿಸಿದ. ಮೊದಲು ಬಿಚ್ಚಿದ್ದು ನೆತ್ತಿಯ ಹೆಸರನ್ನ. ಬೀಗ ಮೊದಲನೇ ಸಾಲಿನಲ್ಲೇ ನಿಂತಿದ್ದ, ಬೇಕಂತಲೇ. ಬೆಳ್ಳಿ ಮಾರಿ ಶೇಂಗಾ ಕೊಂಡರು. ಇಪ್ಪತ್ತಾರನೇ ದಿನಕ್ಕೆ ಗೋದಾಮು ತುಂಬಿತು. ಇಪ್ಪತ್ತೇಳನೇ ದಿನ ಇಲಿ ಬಂತು. ಇಪ್ಪತ್ತೆಂಟನೇ ದಿನ ಸಾಕವ್ವ ರಸ್ತೆ ದಾಟಿ ವಾಪಸ್ ಬಂದಳು. ಸಾಹುಕಾರ ಅವಳನ್ನ ಕಂಡು ಕೈಮುಗಿದನಂತೆ. ಬ್ಯಾಂಕಿನ ಅಮ್ಮ ಮೂವತ್ತನೇ ದಿನ ಬಂದರು. ಬೆಕ್ಕು ನೋಡಿ ನಂಬಿ ಹೊರಟುಹೋದರು ಅಂತ ತಿಳೀಬೇಡಿ. ಬೆಕ್ಕು ಕಟ್ಟಿಸಿ, ಎರಡು ಸಾವಿರ ಚೀಲವನ್ನೂ ಎಣಿಸಿ, ಸಾಲಿಗೊಂದರಂತೆ ಇಳಿಸಿ ನೋಡಿ ಹೋದರು. ಹಮಾಲಿ ಮುದುಕ ಅವತ್ತು ಸರಿಯಾದ ಹೊತ್ತಿಗೆ ನರಳಿದ.

ಆ ಸ್ವಾಮಿ ಯಾರು ಅಂತ ಕೇಳ್ತೀರಾ? ಈ ಊರಿಗೆ ಬರೋ ಮುಂಚೆ ನಾವು ಆ ಮಠದಲ್ಲಿದ್ದೆವು. ಬಂದ ದಾನ ಎಲ್ಲಿಂದ ಬಂತು ಅಂತ ಕೇಳಿ ತಗೋ ಅಂತ ನಮ್ಮ ಗುರುಗಳು ದೀಕ್ಷೆ ಕೊಡೋ ದಿನ ಮಾತು ತಗೊಂಡಿದ್ದರು. ಮೂರು ಹೊತ್ತು ಪೂಜೆ ನಾವೂ ತಪ್ಪಿಸಿರಲಿಲ್ಲ. ಆ ಮಾತನ್ನ ತಪ್ಪಿಸಿದ್ದೆವು. ಆ ಬಾಗಿಲ ತುಂಬ ಇವತ್ತಿಗೂ ಮೊಳೆಯ ತೂತುಗಳಿವೆ. ಮಠದವರು ಮುಚ್ಚಿಸ್ತೀವಿ ಅಂದರು. ಬೇಡ, ಇರಲಿ ಅಂದು ಬಂದಿದ್ದೇವೆ.

ಈಗ ನಿಮ್ಮ ಸರದಿ. ಈ ಸಭೆಯಲ್ಲಿ ಬರೀ ಕಂತು ಕಟ್ಟೋರು ಯಾರ್‍ಯಾರಿದ್ದೀರಿ? ನೋಡಿ, ನೋಡಿ! ಎಲ್ಲರೂ ಪಕ್ಕದವರ ಮುಖ ನೋಡ್ತಾ ಇದ್ದೀರಿ. ಗುರುಶಾಂತಪ್ಪನವರೇ, ನೀವು ಯಾಕೆ ನಿಮ್ಮ ತಮ್ಮನನ್ನ ನೋಡ್ತೀರಿ? ಶ್ರಾವಣ ಸೋಮವಾರ ಬಂತು, ಅಭಿಷೇಕ, ಎರಡು ತೆಂಗಿನಕಾಯಿ, ಕರ್ಪೂರ. ಕಂತು ಕಟ್ಟಿ ಆಯಿತು. ಮಠದ ಮೆಟ್ಟಿಲು ಇಳಿದು ಅಂಗಡಿಗೆ ಹೋದರೆ ತಕ್ಕಡಿಯ ಕೆಳಗೆ ಅಯಸ್ಕಾಂತ! ಅದು ಯಾವ ಕಲಮು? ಹೆಂಡತಿಗೆ ವರ್ಷಕ್ಕೊಂದು ಸೀರೆ ತಪ್ಪದೆ ತರ್ತೀರಿ, ಬಹಳ ಸಂತೋಷ. ಅಕ್ಷತೆ ಬಿದ್ದ ದಿನ ಬರೀ ಸೀರೆ ತರ್ತೀನಿ ಅಂತ ಹೇಳಿದ್ದಿರಾ? ಕಷ್ಟ ಸುಖ ಕೇಳ್ತೀನಿ ಅಂದಿದ್ದಿರಿ. ಅವಳು ಮಾತಾಡುವಾಗ ಪೇಪರ್ ಓದ್ತೀರಿ. ಅವಳು ಅಳೋದು ನಿಲ್ಲಿಸಿದ್ದಾಳೆ, ಮನೆ ತಣ್ಣಗಿದೆ ಅಂತ ಖುಷಿಪಡ್ತೀರಿ. ಒಂದೂ ಇಲಿ ಇಲ್ಲ ಅಂತ ಸಾಹುಕಾರನೂ ಹೀಗೇ ಖುಷಿಪಟ್ಟಿದ್ದ.

ದೇವರು ಕೊಟ್ಟ ಸಾಲವೂ ದೊಡ್ಡ ಅವಧಿಯದೇ, ಅರವತ್ತು ಎಪ್ಪತ್ತು ವರ್ಷದ್ದು. ಕಂತು ಕಟ್ಟಿ, ಬೇಡ ಅನ್ನೋಲ್ಲ. ತಕ್ಕಡಿಯ ಅಯಸ್ಕಾಂತ ನಾಳೆ ಬಾಗಿಲು ತೆಗೆಯೋ ಮುಂಚೆ ತೆಗೆದುಬಿಡಿ. ಆಳಿಗೆ ಹಬ್ಬಕ್ಕೆ ಕೊಡ್ತೀನಿ ಅಂದದ್ದು ಯಾವ ಹಬ್ಬ ಅಂತ ನೆನಪು ಮಾಡಿಕೊಳ್ಳಿ. ಇವತ್ತು ಮನೆಗೆ ಹೋದಮೇಲೆ ಪೇಪರ್ ಮಡಿಚಿಟ್ಟು ಹೆಂಡತಿ ಹೇಳೋದನ್ನ ಪೂರ್ತಿ ಕೇಳಿ. ಅಷ್ಟು ಮಾಡಿ, ದೇವರ ಮುಂದೆ ಕೂತು, ನಿಮ್ಮ ಹಿಂದಿನ ಸಾಲಿನ ಒಂದು ಚೀಲವನ್ನ ನೀವೇ ಇಳಿಸಿ ನೋಡಿ. ಹಗುರಾಗಿದ್ದರೆ ನರಳಬೇಡಿ. ತುಂಬಿಸಿ.