ಚಿಂತಿ ಡಬ್ಬಿ

…ಅಲ್ಲ, ಹಂಗ ಒಂದು ಮೆಸೇಜ್ ಒಗದು ಬಿಟ್ಟರ ಮುಗೀತೇನವಾ? "ನಾಳೆ ಕೊನೇ ಕ್ಲಾಸಿಗೆ ಬರಲ್ಲ ಮ್ಯಾಮ್." ಅಷ್ಟ! ಕಾರಣ ಇಲ್ಲ, ಕಥಿ ಇಲ್ಲ. ಕೂಡು ಸ್ಪಂದನಾ, ಸರಿಯಾಗಿ ಕೂಡು. ಬಸ್ ಬಂದ್ರ ಓಡಿ ಹತ್ತೋರಂಗ ಕುರ್ಚಿ ತುದಿಗೆ ಕೂತೀಯಲ್ಲ! …ಭಾವೂ, ದೋನ್ ಚಹಾ, ಏಕ್ ಬನ್ ಮಸ್ಕಾ! …ಬ್ಯಾಡ ಅನಬ್ಯಾಡ. ಕ್ಯಾಂಪ್ ಪ್ಯಾಟಿಗೆ ಬಂದು ಬನ್ ಮಸ್ಕಾ ಬ್ಯಾಡ ಅನ್ನೋರನ್ನ ನಾ ನಂಬೂದಿಲ್ಲ.

ಏಳು ವಾರ ಬಂದಿ. ನಾಳೆ ಎಂಟನೇದು, ಕಡೇದು. ಒಂದ ದಿನಕ್ಕ ಏನಾತು? ಯುನಿವರ್ಸಿಟಿಯವರು "ಶಾಮಲಾ ಮ್ಯಾಡಂ, ಈ ಹುಡುಗೂರ ಕಳವಳ ಒಂದೀಟು ಕಡಿಮಿ ಮಾಡ್ರಿ" ಅಂದ್ರು. ಮಾಡಿದೆ. ನಲವತ್ತೆರಡು ಮಂದಿ! ಪರೀಕ್ಷಾ ಅಂದ್ರ ಕೈ ನಡಗೋರು, ಫೋನ್ ಬಂದ್ರ ಬೆವರೋರು, ಮೂಲ್ಯಾಗ ಕೂತು ಉಗರು ಕಡಿಯೋರು. ಏನೇನ ಕಲಿಸೀನಿ, ಹೇಳು ನೋಡೂಣು. …ಹೇಳೂದಿಲ್ಲಾ? ನಾನ ಹೇಳತೀನಿ. ನಾಕು ಎಣಿಸಿ ಉಸಿರು ತಗೋಬೇಕು, ಆರು ಎಣಿಸಿ ಬಿಡಬೇಕು. ಬಂದದ್ದು ಸಿಟ್ಟೋ, ಅಂಜಿಕಿಯೋ, ನಾಚಿಕಿಯೋ, ಅದಕ್ಕ ಹೆಸರಿಡಬೇಕು. ಆಮ್ಯಾಲೆ, ಅಂಜಿಕಿ ಹೇಳಿದ್ದೆಲ್ಲಾ ನಂಬಬಾರದು, ಖರೇ ಏನದ ಅಂತ ಮೊದಲ ನೋಡಬೇಕು. …ಯಾಕ ನಗತಿ? ನೋಡಲಿಕ್ಕೆ ಸಣ್ಣ ವಿದ್ಯಾ ಅನಸ್ತದ. ಕಲಿಯೋದು ಭಾಳ ಕಠಿಣ ಅದ.

ಏನಂದಿ? ಡಬ್ಬಿ?

ಡಬ್ಬಿದೇನದ ಈಗ! ಬಿಸ್ಕಿಟ್ ಡಬ್ಬಿ, ಮ್ಯಾಲೆ ತೂತು, ಸುತ್ತೂ ಟೇಪು, ಟೇಪಿನ ಮ್ಯಾಲೆ ನನ್ನ ಸಹಿ. ವಾರಾ ಹತ್ತು ನಿಮಿಷ ಎಲ್ಲಾರೂ ಎದಿಯಾಗಿಂದು ಬರೀರಿ, ಹೆಸರು ಹಾಕಬ್ಯಾಡ್ರಿ, ಮಡಚಿ ಒಳಗ ಹಾಕ್ರಿ. ಕಡೇ ದಿನ ಎಲ್ಲಾರ ಮುಂದ ಹರದು ಒಗಿಯೂಣು. ಯಾರೂ ಓದೂದಿಲ್ಲ, ನಾನೂ ಓದೂದಿಲ್ಲ. ಮೊದಲನೇ ದಿನಾನ ಮಾತು ಕೊಟ್ಟೀನಿ. ಅವರವರ ಮಾತಿನ್ಯಾಗ ಬರೀರಿ ಅಂತೂ ಹೇಳೀನಿ, ಯಾಕಂದ್ರ ಚಿಂತಿ ಬರೋದು ತಾಯಿ ಕಲಿಸಿದ ಮಾತಿನ್ಯಾಗ. ಉಳದವರೆಲ್ಲಾ ಮರಾಠಿ, ಹಿಂದಿ. ಕನ್ನಡದಾಕಿ ನೀ ಒಬ್ಬಾಕಿನ. ಹಾಸನದ ಹುಡುಗಿ ಅಂತ ಗೊತ್ತಾದಾಗ ನನಗೆಷ್ಟು ಖುಷಿ ಆಗಿತ್ತು ಅಂತೀ! ಧಾರವಾಡ ಬಿಟ್ಟು ಇಪ್ಪತ್ತೇಳು ವರ್ಷ ಆತು. ಆ ಇಡೀ ಕಾಲೇಜಿನ್ಯಾಗ ಕನ್ನಡ ಅಕ್ಷರಾ ಬರೋರು ನಾವಿಬ್ಬರ.

ಅದಕ್ಕ, ನಿಮ್ಮ ಮನಿ ಹಿರೇರು ಅಂತ ತಿಳಕೊಂಡು ನನ್ನ ಮಾತು ಕೇಳು. ಎರಡು ಪೇಪರ್ ಹೋದ್ರ ಜಗತ್ತೇನ ಮುಳುಗೂದಿಲ್ಲ. ಮನ್ಯಾಗ ಹೇಳಿಬಿಡು. ಅಪ್ಪಗ ಅಂಜತಿದ್ರ ಅಜ್ಜಿಗೆ ಹೇಳು. ರುಕ್ಮಿಣಮ್ಮನ ಆಪರೇಶನ್ ಆದ ಕಣ್ಣಿನ ಪಟ್ಟಿ ಬಿಚ್ಚಲಿ, ಒಂದು ವಾರ ತಡಿ, ಆಮ್ಯಾಲೆ ಮೆಲ್ಲಕ…

…ಯಾಕ, ಕಪ್ಪು ಕೆಳಗಿಟ್ಟಿ? ಬಿಸಿ ಅದ ಏನು?

ಹಂಗ ನೋಡಬ್ಯಾಡ. ನೀನ ಹೇಳಿದ್ದಿಯಲ್ಲ! ಅವತ್ತು… ಲೈಬ್ರರಿ ಮೆಟ್ಟಲ ಹತ್ರ… ಇಲ್ಲಾ? ಹಂಗಾರ ಹರ್ಷದಾ ಹೇಳಿರಬೇಕು, ನಿನ್ನ ರೂಮಿನಾಕಿ. ಆಕಿಗೂ ಹೇಳಿಲ್ಲಾ? ಯಾರಿಗೂ… ಹೂಂ.

ಓದಿದೆ. ಆತು? ಓದಿದೆನವಾ.

ಎಷ್ಟು ಅಂದ್ರ? ಎಲ್ಲಾ. ಪ್ರತಿ ಶುಕ್ರವಾರ ಸಂಜಿಕ್ಕ ಅಡಿಗಿಮನಿ ಬಾಗಲಾ ಹಾಕ್ಕೊಂಡು, ಟೇಪ್ ಬಿಚ್ಚಿ, ಓದಿ, ಹೊಸಾ ಟೇಪ್ ಹಚ್ಚಿ, ಮತ್ತ ಸಹಿ ಮಾಡಿ… ಸಹಿ ಅಂತೂ ನಂದ ಅದ, ಖೊಟ್ಟಿ ಅಲ್ಲ! …ನಗೂದಿಲ್ಲಾ ಈಗ? ಮೊದಲ ನಕ್ಕಿ.

ನಿನಗ ಅಮೋಘನ ವಿಷಯ ಗೊತ್ತಿಲ್ಲ. ಹೋದ ವರ್ಷದ ಹುಡುಗ. ಪರೀಕ್ಷಾ ದಿನ ನಾಪತ್ತೆ! ಫೋನ್ ಬಂದ್. ಅವರವ್ವ ನನ್ನ ಕಾಲು ಹಿಡಕೊಂಡು ಅಳತಾಳ. ಪೊಲೀಸ್ರು ಕೇಳಿದ್ರು, "ಏನರ ಬರದಿದ್ದನೇನ್ರಿ ಮ್ಯಾಡಂ?" ಬರದಿದ್ದ! ನಾನು ಹಿಂದಿನ ದಿನಾನ ಓದಲಾರದ ಹರದು ಒಗದಿದ್ದೆ, ಎಲ್ಲಾರ ಕಡಿಂದ ಚಪ್ಪಾಳಿ ಹೊಡಿಸಿ! ಕಸದ ಬುಟ್ಟಿ ಸುರವಿ, ನೆಲದ ಮ್ಯಾಲೆ ಕೂತು ತುಣಕು ಜೋಡಿಸಿದೆ ಸ್ಪಂದನಾ. ಜೋಡೀಲಿಲ್ಲ. ಎರಡು ದಿನ ಒಂದು ತುತ್ತು ಒಳಗಿಳೀಲಿಲ್ಲ. ಕಡೀಕ ಸಿಕ್ಕದ್ದೆಲ್ಲಿ? ಸಾಸವಡದಾಗ! ದೇವರ ಪಾಲಖಿ ಯಾತ್ರಿ ಸಂಗಾಟ ಘಾಟ್ ಹತ್ತಿ ನಡಕೋತ ಹೋಗಿದ್ದ. ಹಣಿಮ್ಯಾಲೆ ಕರೀ ಬುಕ್ಕಾ, ಕೈಯಾಗ ತಾಳ, ವಾರಕರಿ ಮಂದಿ ನಡುವ ಕೂತು ಪಿಠಲಾ-ಭಾಕರಿ ಹೊಡ್ಯಾಕತ್ತಿದ್ದ. "ಮ್ಯಾಡಂ, ಮನಸ್ಸು ಭಾಳ ಶಾಂತ ಆಗೇದ" ಅಂದ! ಅವಂದು ಆತು. ನಂದು ಅವತ್ತು ಕೆಟ್ಟದ್ದು ಇನ್ನೂ ಶಾಂತ ಆಗಿಲ್ಲ.

ಅದಕ್ಕ ಓದಿದೆ. ಅಂಜಿಕಿಗೆ ಓದಿದೆ. ನಿಮಗ ಉಸಿರು ಎಣಿಸೂದು ಕಲಿಸಿ ಮನಿಗೆ ಹೋಗೂದು, ಅಲ್ಲೆ ಚೀಟಿ ಓದೂತನಕ ನನಗ ಉಸಿರ ಬರತಿದ್ದಿಲ್ಲ. ಹೆಸರಿಲ್ಲ ಖರೆ, ಅಕ್ಷರದ ಮ್ಯಾಲೆ ಗೊತ್ತಾಗ್ತದ. ಮೂರನೇ ವಾರ ಕೇದಾರ ಹೊಟ್ಟಿನೋವು ಅಂತ ಬರದಿದ್ದ. ಹೊರಗ ಸಿಕ್ಕಾಗ "ಖಾರ ಕಡಿಮಿ ತಿನ್ನು ಬಾಳಾ" ಅಂದೆ. ಅಷ್ಟ ಅಂದೆ! ಅವಾ ಹುಬ್ಬೇರಿಸಿ ನೋಡಿದ, ನಾ ಸರಕ್ಕನ ಮುಂದ ಹೋದೆ. ಹರ್ಷದಾಗ ಗಂಡು ಗೊತ್ತು ಮಾಡ್ಯಾರ ಅಂತ ಓದಿ ಅವರಪ್ಪಗ ಫೋನ್ ಹಚ್ಚಲೇನು ಅಂತ ನಾಕ ದಿನ ಒದ್ದಾಡೀನಿ. ನಿಮ್ಮ ಅಜ್ಜಿ ಕಣ್ಣಿಗೆ ಸಾರಸಬಾಗ್ ಗಣಪತಿಗೆ ಹನ್ನೊಂದು ಸುತ್ತು ಹಾಕೀನಿ, ಈ ನೋಯೋ ಮೊಳಕಾಲು ಇಟಗೊಂಡು!

…ಏನದು ಫೋನಿನ್ಯಾಗ? ತಡಿ, ಚಾಳೀಸು ಹಾಕ್ಕೋತೀನಿ. ನಿನ್ನ ಮಾರ್ಕ್ಸೇನು? …ಪಾಸು. ಪಾಸು. ಇದೂ ಪಾಸು… ಅಯ್ಯ, ಎಲ್ಲಾ ಪಾಸ್ ಆಗಿಯಲ್ಲ! ಚಲೋ ಆತು! ಮತ್ತ ಎರಡು ಪೇಪರ್… ಹೋಗೇ ಇಲ್ಲಾ? ಹಂಗಾರ ಯಾಕ ಬರದಿ…

ತಡಿ. ರುಕ್ಮಿಣಮ್ಮ?

ಅಂಥಾ ಅಜ್ಜಿನ ಇಲ್ಲಾ?

ಕನ್ನಡದಾಗ ಬರದಿ. ಓದಿದ್ರ ನಾ ಒಬ್ಬಾಕಿನ ಓದಿರಬೇಕು, ಮತ್ತ ಯಾರ ಮ್ಯಾಲೂ ಸಂಶಯ ಬರಬಾರದು ಅಂತ. ಭೇಶ್! ಮಾನಸಶಾಸ್ತ್ರದಾಗ ನನ್ನ ಎಂ.ಎ., ಆದ್ರ ಕೆಲಸ ನಿಂದು! …ಕೇದಾರ ಹೇಳಿದ್ನೇನು ಎಲ್ಲಾರಿಗೂ? ಖಾರದ ಮಾತು? ಅಂದ್ರ… ಹರ್ಷದಾನ ಗಂಡು? ಅದೂ ಸುಳ್ಳಾ? ಮಾಳಿಗಿ ಮ್ಯಾಲೆ ಒಬ್ಬಾಂವನ ಹೋಗಿ ಕೂಡತೀನಿ ಅಂತ ಬರದಾಂವ ಋಷಿಕೇಶ, ಅವಂದೂ? …ನಲವತ್ತೆರಡೂ? ನಾಕು ವಾರ?

ಹ್ಹ… ಅಯ್ಯ ನನ್ನ ಕರ್ಮ! ಇಲ್ಲದ ಅಜ್ಜಿ ಕಣ್ಣಿಗೆ ಹನ್ನೊಂದು ಸುತ್ತು! ನೀವು ಕೂತು ಕೂತು ಹುಟ್ಟಿಸಿದ ಚಿಂತಿನ್ನೆಲ್ಲಾ ನಾ ಮನಿಗೆ ಒಯ್ದು ಚಿಂತಿ ಮಾಡೀನಿ! ಖರೇ ಏನದ ಅಂತ ಮೊದಲ ನೋಡ್ರಿ ಅಂತ ಕಲಿಸಿದಾಕಿ ನಾ… ನೋಡು, ನಗಿ ತಡೀವಲ್ಲದು ನನಗ. ಭಾವೂ, ಪಾಣಿ ದ್ಯಾ ಜರಾ!

…ನೀ ಯಾಕ ನಗವಲ್ಲಿ?

ಸ್ಪಂದನಾ. ಪಾಸ್ ಆಗಿ. ಅಜ್ಜಿ ಇಲ್ಲ. ಸುಳ್ಳ ಬರದಿ, ನಾ ಸಿಕ್ಕಬಿದ್ದೆ, ನೀ ಗೆದ್ದಿ. ಮತ್ತ ಕಣ್ಣಾಗ ನೀರ್ಯಾಕ?

ಅಂದ್ರ… ಇನ್ನೊಂದು ಚಿಂತಿ ಅದ. ಖರೇದು. ಎಲ್ಲಾರದೂ ಇರತಾವ, ಹೌದಲ್ಲ? ನಾಕು ವಾರ ಅವನ್ನ ಎಲ್ಲೂ ಬರೀಲಿಲ್ಲ ನೀವು, ನಾ ಓದತೀನಂತ.

ನಿಂದೇನದವಾ?

…

ಹೌದು. ಯಾಕ ಹೇಳತಿ ನನಗ.